ಐಸ್ ಪ್ಲಾಂಟಿನವ ಹಾಕಿ ಕೋಚ್ ಆದದ್ದು

ವಿಮಾನ ನಿಲ್ದಾಣ

ಕೆನಡಾದಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಹೆಂಗಸು ನನ್ನ ಉದ್ಯೋಗ ಏನೆಂದು ಕೇಳಿದಳು.

"ಐಸ್ ಮಾಡುತ್ತೇನೆ," ಎಂದೆ.

ಆಕೆ ನನ್ನ ಮುಖವನ್ನೊಮ್ಮೆ, ಕಿಟಕಿಯಾಚೆಗೊಮ್ಮೆ ನೋಡಿದಳು. ಹೊರಗೆ ರನ್‌ವೇ ಒಂದು ಬಿಟ್ಟು ಕಣ್ಣಿಗೆ ಬೀಳುವುದೆಲ್ಲ ಹಿಮವೇ.

"ಐಸ್ ಮಾಡಲಿಕ್ಕೆ ನಮ್ಮ ದೇಶಕ್ಕೆ ಬಂದಿರಾ?"

"ಇಲ್ಲ ಮೇಡಂ. ಅದನ್ನು ಮಂಗಳೂರಲ್ಲಿ ಮಾಡುವುದು. ಇಲ್ಲಿಗೆ ತಂಗಿಯನ್ನು ನೋಡಲು ಬಂದದ್ದು."

ಆಕೆ ಪಕ್ಕದ ಕೌಂಟರಿನವನನ್ನು ಕರೆದು ಈ ಸಂಗತಿ ಹೇಳಿದಳು. ಅವನು ತನ್ನ ಪಕ್ಕದವನಿಗೆ ಹೇಳಿದ. ಮೂವರೂ ನಕ್ಕು, ಮೂವರೂ ನನಗೆ 'ಸಾರಿ' ಹೇಳಿ, ಠಸ್ಸೆ ಒತ್ತಿ ಕಳಿಸಿದರು. ಈ ದೇಶದವರು ನಕ್ಕರೂ ಸಾರಿ ಹೇಳುತ್ತಾರೆ, ನಾವು ಅವರ ಕಾಲು ತುಳಿದರೂ ಅವರೇ ಸಾರಿ ಹೇಳುತ್ತಾರೆ. ನಮ್ಮ ಸಿಟಿ ಬಸ್ಸಿನಲ್ಲಿ ಇವರನ್ನು ಒಂದು ದಿನ ಕೂರಿಸಿದರೆ ಸಾರಿ ಹೇಳಿ ಹೇಳಿಯೇ ಗಂಟಲು ಬಿದ್ದುಹೋದೀತು.

ನಾನು ಹೇಳಿದ್ದು ಸುಳ್ಳಲ್ಲ. ನಮ್ಮದು ಕಡಲಿಗೆ ಹೋಗುವವರ ಮನೆತನ. ಅಜ್ಜ ದೋಣಿಯಲ್ಲಿದ್ದ, ಅಪ್ಪ ಬೋಟಿನಲ್ಲಿದ್ದ, ನನಗೆ ಅಲೆ ಕಂಡರೆ ವಾಂತಿ ಬರುತ್ತದೆ. ಹಾಗಾಗಿ ನಾನು ಬೈಕಂಪಾಡಿಯಲ್ಲಿ ಐಸ್ ಪ್ಲಾಂಟ್ ಇಟ್ಟುಕೊಂಡು ದಡದಲ್ಲೇ ಉಳಿದವನು. ನಮ್ಮ ಐಸನ್ನು ಪುಡಿ ಮಾಡಿ ಧಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಕಳಿಸುತ್ತೇವೆ, ಬೋಟಿನವರು ಅದನ್ನು ಮೀನಿಗೆ ಹಾಕುತ್ತಾರೆ. ನನಗೆ ಗೊತ್ತಿದ್ದ ಹಾಗೆ ಐಸಿನ ಮೇಲೆ ಸುಖವಾಗಿ ಮಲಗುವ ಪ್ರಾಣಿ ಬಂಗುಡೆ ಮೀನು ಒಂದೇ, ಅದೂ ಸತ್ತ ಮೇಲೆ. ಮನುಷ್ಯರು ಅದರ ಮೇಲೆ ಓಡಾಡಿ ಸಂತೋಷಪಡುತ್ತಾರೆ ಎಂಬುದು ಈ ಪ್ರಯಾಣದಲ್ಲಿ ತಿಳಿದ ವಿಷಯ.

ತಂಗಿಯ ಊರು

ತಂಗಿ ಶಶಿಕಲಾ ಇಲ್ಲಿನ ಒಂದು ಸಣ್ಣ ಪೇಟೆಯ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಲೋಕೇಶ ಲಾರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಒಂಬತ್ತು ವರ್ಷದ ಮಗಳು ತನ್ವಿ. ಮನೆಯಲ್ಲಿ ನಾವು ದೊಡ್ಡವರು ಆಡುವುದು ತುಳು. ತನ್ವಿಗೆ ಅದು ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ. ಎಲ್ಲರ ಮಾತನ್ನೂ ಇಲ್ಲಿ ನಮ್ಮ ಮಂಗಳೂರಿನ ಕನ್ನಡಕ್ಕೆ ಇಳಿಸಿದ್ದೇನೆ.

ಈ ಊರಿನಲ್ಲಿ ಸಂಜೆ ಕಾರುಗಳನ್ನು ಮೊಬೈಲಿನ ಹಾಗೆ ಕರೆಂಟಿಗೆ ಸಿಕ್ಕಿಸಿಡುತ್ತಾರೆ. ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಏಳುವುದಿಲ್ಲ. ಹೊರಗೆ ಕಾಲಿಟ್ಟರೆ ಮೂಗಿನೊಳಗಿನ ಕೂದಲು ಸೆಟೆದು ನಿಲ್ಲುತ್ತದೆ. ಚಳಿ ತಡೆಯದಾದಾಗ ಜನ ಎಲ್ಲಿಗೆ ಹೋಗುತ್ತಾರೆ ಗೊತ್ತೇ? ಐಸಿನ ಮೇಲೆ ಹಾಕಿ ಆಟ ಆಡುವ ಕಟ್ಟಡಕ್ಕೆ. ಅದಕ್ಕೆ ರಿಂಕ್ ಎನ್ನುತ್ತಾರೆ. ಹೊರಗಿಗಿಂತ ಒಳಗಿನ ಐಸೇ ಬೆಚ್ಚಗೆ.

ನಾನು ಬಂದ ಮೂರನೆಯ ದಿನ ಬ್ರೆಂಡಾ ಎಂಬ ಗಟ್ಟಿ ಹೆಂಗಸು ಮನೆಗೆ ಬಂದಳು. ತನ್ವಿಯ ಹಾಕಿ ತಂಡದ ಉಸ್ತುವಾರಿ ಅವಳದ್ದು. ಬಂದವಳೇ ಎರಡೂ ಕೈಗಳಿಂದ ನನ್ನ ಕೈ ಹಿಡಿದು ಕುಲುಕಿದಳು.

"ದೇವರೇ ಕಳಿಸಿದ ಹಾಗೆ ಬಂದಿದ್ದೀರಿ. ನಮ್ಮ ಕೋಚ್ ಡಗ್ ಮೆಟ್ಟಿಲಿನ ಹಿಮ ತೆಗೆಯುವಾಗ ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದಾನೆ. ಶುಕ್ರವಾರ ಬೆಳಿಗ್ಗೆ ಪ್ರ್ಯಾಕ್ಟೀಸ್, ಶನಿವಾರ ಮ್ಯಾಚ್. ಶುಕ್ರವಾರದ್ದನ್ನು ನೀವು ನೋಡಿಕೊಳ್ಳಬೇಕು."

ನಾನು ತಂಗಿಯ ಕಡೆ ನೋಡಿದೆ. ಅವಳು ತುರ್ತಾಗಿ ಫ್ರಿಜ್ಜಿನೊಳಗೆ ಏನನ್ನೋ ಹುಡುಕತೊಡಗಿದಳು.

ನಡೆದದ್ದು ಇಷ್ಟು. ನಾನು ಕಾಲೇಜಿನಲ್ಲಿ ಹಾಕಿ ಆಡಿದವನು. ಮಣ್ಣಿನ ಮೈದಾನ, ಬಿಸಿಲು, ಮರದ ಕೋಲು. ಗೋಲಿಗೆ ನಿಲ್ಲಲು ಬೇರೆ ಯಾರೂ ಒಪ್ಪದ ಕಾರಣ ನಾನು ಗೋಲ್‌ಕೀಪರ್. ಶಶಿ ಯಾವಾಗಲೋ ಬ್ರೆಂಡಾಳ ಹತ್ತಿರ ಅಣ್ಣನ ಬಗ್ಗೆ ಹೊಗಳುತ್ತಾ, ಅವನು ಹಾಕಿ ಗೋಲ್‌ಕೀಪರ್ ಆಗಿದ್ದ ಎಂದಿದ್ದಳು. ಈಗೆಂತ ಮಾಡುತ್ತಾನೆ ಎಂದು ಕೇಳಿದಾಗ ಐಸ್ ಲೈನಿನಲ್ಲಿದ್ದಾನೆ ಎಂದಿದ್ದಳು. ಬ್ರೆಂಡಾ ಎರಡನ್ನೂ ಕೂಡಿಸಿದ್ದಳು.

"ಮೇಡಂ, ನಾನು ಐಸಿನ ಮೇಲೆ ನಿಂತವನೇ ಅಲ್ಲ," ಎಂದೆ.

ಬ್ರೆಂಡಾ ನಕ್ಕಳು. "ನಿಮ್ಮ ದೇಶದವರ ವಿನಯ ನೋಡಿ ಕಲಿಯಬೇಕು," ಎಂದು ಹೇಳಿ ಹೊರಟೇಬಿಟ್ಟಳು.

ಬಾಗಿಲು ಮುಚ್ಚಿದ ಮೇಲೆ ನಾನು ತಂಗಿಗೆ, "ನಿಂಗೆ ಮಂಡೆ ಸಮ ಉಂಟಾ?" ಎಂದು ಕೇಳಿದೆ.

"ನಾನೆಂತ ಸುಳ್ಳು ಹೇಳ್ಲಿಲ್ಲ ಅಣ್ಣ," ಎಂದಳು ಶಶಿ. "ನೀನು ಹಾಕಿ ಆಡಿದ್ದು ಹೌದು. ಐಸಿನ ಕೆಲಸ ಹೌದು. ನಡುವಿನದ್ದು ಅವರೇ ಮಾಡಿಕೊಂಡದ್ದು."

"ಫೋನ್ ಮಾಡಿ ಆಗುವುದಿಲ್ಲ ಅಂತ ಹೇಳು."

ಆಗ ಸೋಫಾದ ಮೇಲಿದ್ದ ತನ್ವಿ ತಲೆಯೆತ್ತಿದಳು. "ಆಗುವುದಿಲ್ವಾ? ನಾನು ಎಲ್ಲರಿಗೂ ಹೇಳಿ ಆಗಿದೆ ಮಾಮ."

ನೆಲಮಾಳಿಗೆ

ಆ ಸಂಜೆ ತನ್ವಿ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ತನ್ನ ಸಾಮಾನು ತೋರಿಸಿದಳು. ಇಲ್ಲಿ ಗೋಲ್‌ಕೀಪರನ್ನು ಗೋಲಿ ಎನ್ನುತ್ತಾರೆ. ಕಾಲಿಗೆ ಹಾಸಿಗೆಯಂಥ ಪ್ಯಾಡು, ಎದೆಗೆ ಇನ್ನೊಂದು ಹಾಸಿಗೆ, ಒಂದು ಕೈಗೆ ಬಲೆಯ ಗ್ಲೌಸು, ಇನ್ನೊಂದಕ್ಕೆ ಹಲಗೆ. ಅಷ್ಟನ್ನೂ ಹಾಕಿಕೊಂಡ ಮೇಲೆ ನಮ್ಮ ಕೂಸು ಉದ್ದಕ್ಕಿಂತ ಅಗಲ ಹೆಚ್ಚಾಗಿ, ನಡೆದಾಡುವ ಗೋದ್ರೆಜ್ ಕಪಾಟಿನಂತೆ ಕಂಡಳು.

"ಮಾಮ, ಒಂದು ಮಾತು ಹೇಳ್ತೇನೆ. ಯಾರಿಗೂ ಹೇಳ್ಬಾರ್ದು."

"ಇಲ್ಲ, ಹೇಳು."

"ಪಕ್ ಬರುವಾಗ ನಾನು ಕಣ್ಣು ಮುಚ್ತೇನೆ."

ಪಕ್ ಎಂದರೆ ಅವರ ಚೆಂಡು. ಚೆಂಡೆಂದರೆ ಚೆಂಡಲ್ಲ, ಕಪ್ಪು ರಬ್ಬರಿನ ಗಟ್ಟಿ ಬಿಲ್ಲೆ. ಒಂದು ಮೂಲೆಯಲ್ಲಿದ್ದದ್ದನ್ನು ಎತ್ತಿ ನೋಡಿದೆ. ಅದು ಮುಖದ ಕಡೆ ಹಾರಿ ಬಂದರೆ ನಾನು ಕಣ್ಣು ಮುಚ್ಚುವುದು ಮಾತ್ರವಲ್ಲ, ಊರಿಗೆ ವಾಪಸು ಬರುತ್ತಿದ್ದೆ.

"ಡಗ್‌ಗೆ ಗೊತ್ತಾದ್ರೆ ಬೇರೆಯವರನ್ನು ನಿಲ್ಲಿಸ್ತಾರೆ. ನಂಗೆ ಗೋಲಿ ಆಗುವುದೇ ಇಷ್ಟ. ಆದ್ರೆ ಶನಿವಾರ ಹೀಗೇ ಆದ್ರೆ ನಾನೇ ಬಿಡ್ತೇನೆ. ಕಳೆದ ಮ್ಯಾಚಲ್ಲಿ ಸ್ಕೋರ್ ಬೋರ್ಡಿನವರು ಎಣಿಸುವುದನ್ನು ನಿಲ್ಲಿಸಿದ್ರು."

ಮುಖಕ್ಕೆ ಜಾಲರಿ ಇದ್ದದ್ದರಿಂದ ಅವಳು ಅಳುತ್ತಿದ್ದಳೋ ಇಲ್ಲವೋ ಕಾಣಲಿಲ್ಲ. ಮೂಗು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು. ಇಷ್ಟರವರೆಗೆ ಇದೊಂದು ತಮಾಷೆಯ ಫಜೀತಿ ಎಂದುಕೊಂಡಿದ್ದೆ. ಆ ಸದ್ದು ಕೇಳಿದ ಮೇಲೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು.

ಒಗೆದ ಬಟ್ಟೆಯ ಬುಟ್ಟಿಯಿಂದ ಸಾಕ್ಸುಗಳನ್ನು ತೆಗೆದು ಉಂಡೆ ಮಾಡಿ ಮೆಲ್ಲಗೆ ಎಸೆದೆ. ಸಾಕ್ಸಿಗೂ ಕಣ್ಣು ಮುಚ್ಚಿದಳು. ಮತ್ತೆ ಎಸೆದೆ, ಮತ್ತೆ ಮುಚ್ಚಿದಳು. ಕಣ್ಣು ತೆರೆ, ಹೆದರಬೇಡ ಎಂದೆಲ್ಲ ಹೇಳಿ ನೋಡಿದೆ. ಹೆದರಬೇಡ ಎಂದರೆ ಯಾರ ಹೆದರಿಕೆ ಹೋಗಿದೆ? ಕೊನೆಗೆ ಬೇಜಾರಾಗಿ ಕೇಳಿದೆ, "ಈಗ ಎಸೆದದ್ದು ಯಾರ ಸಾಕ್ಸು ಹೇಳು ನೋಡುವ?"

"ಗೊತ್ತಿಲ್ಲ."

"ಹಾಗಾದ್ರೆ ಮುಂದಿನದ್ದು ಯಾರದ್ದೆಂದು ಅದು ಬರುವ ಮೊದಲೇ ಹೇಳ್ಬೇಕು."

ಎಸೆದೆ. "ಅಪ್ಪನದ್ದು!" ಎಂದು ಕಿರುಚಿದಳು. ಗ್ಲೌಸಿನಲ್ಲಿ ಸಿಕ್ಕಿದ್ದು ನಿಜಕ್ಕೂ ಲೋಕೇಶನ ತೂತು ಬಿದ್ದ ಸಾಕ್ಸು. ಕಣ್ಣು ಮುಚ್ಚಿರಲೇ ಇಲ್ಲ. ನಾನು ಬುಟ್ಟಿಯಿಂದ ಮುಂದಿನ ಸಾಕ್ಸು ತೆಗೆದೆ.

ಅಡುಗೆಮನೆಯ ಮೇಜು

ಗುರುವಾರ ತನ್ವಿ ಶಾಲೆಯಿಂದ ಬಂದ ಮೇಲೆ ಪ್ರ್ಯಾಕ್ಟೀಸಿನ ಯೋಜನೆ ಹಾಕಲು ಕುಳಿತೆವು. ನಾನು ಊರಿನಿಂದ ತಂದ, ಕೋಳಿ ಸಾರಿನಲ್ಲಿ ನೆನೆಸಿ ತಿನ್ನುವ ಗರಿಗರಿ ಕೋರಿ ರೊಟ್ಟಿಯ ಕಟ್ಟುಗಳು ಬ್ಯಾಗಿನಲ್ಲೇ ಪುಡಿಯಾಗಿ, ಇಡಿಯಾಗಿ ಉಳಿದದ್ದು ಒಂದೇ ಹಾಳೆ. ಬೆಳ್ಳಗೆ, ಚಪ್ಪಟೆಯಾಗಿ, ಅಂಚು ಮುರಿಯದೆ ಇದ್ದ ಅದನ್ನು ಮೇಜಿನ ನಡುವೆ ಇಟ್ಟು ಇದೇ ರಿಂಕ್ ಎಂದೆ. ಮಕ್ಕಳ ಬದಲಿಗೆ ಗೋಡಂಬಿ, ಗೋಲಿಯ ಬದಲಿಗೆ ಒಂದು ಖರ್ಜೂರ. ಕೋಚ್ ಡಗ್ ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ವೀಡಿಯೊ ಕಾಲಿನಲ್ಲಿ ಬಂದ. ಅವನು ಕಸುಬಿನಲ್ಲಿ ಪ್ಲಂಬರ್. ನಕ್ಕರೆ ಪಕ್ಕೆ ನೋಯುತ್ತದೆ, ದಯವಿಟ್ಟು ನಗಿಸಬೇಡಿ ಎಂದು ಮೊದಲೇ ಬೇಡಿಕೊಂಡ.

"ಏನು ಬೇಕಾದರೂ ಮಾಡಿಸಿ, ಸಾಲಿನಲ್ಲಿ ಮಾತ್ರ ನಿಲ್ಲಿಸಬೇಡಿ," ಎಂದ ಡಗ್. "ಸಾಲಿನಲ್ಲಿ ನಿಂತ ಮಕ್ಕಳು ಜಗಳ ಮಾಡುತ್ತಾರೆ. ಮೊದಲು ಸ್ಕೇಟಿಂಗ್. ಮೊಣಕಾಲು ಬಗ್ಗಬೇಕು, ಬ್ಲೇಡಿನ ಒಳ ಅಂಚಿನಿಂದ ಒತ್ತಿ ದೂಡಬೇಕು. ಆಮೇಲೆ ಬ್ರೇಕ್ ಹಾಕುವುದು. ಆಮೇಲೆ ಎರಡು ಗುಂಪು ಮಾಡಿ, ಒಂದು ಪಾಸು ಕೊಡುವುದಕ್ಕೆ, ಒಂದು ಗೋಲಿನತ್ತ ಪಕ್ ಹೊಡೆಯುವುದಕ್ಕೆ. ಗೋಲಿ ಆದವಳಿಗೆ ಅಕ್ಕಪಕ್ಕ ಸರಿಯುವುದು, ಮೊಣಕಾಲೂರಿ ಬೀಳುವುದು, ತಕ್ಷಣ ಏಳುವುದು. ಕೊನೆಗೆ ಸಣ್ಣ ಆಟ."

ನಾನು ಗೋಡಂಬಿಗಳನ್ನು ಎರಡು ಗುಂಪು ಮಾಡಿದೆ. ಖರ್ಜೂರವನ್ನು ಅಕ್ಕಪಕ್ಕ ಸರಿಸಿದೆ, ಬೀಳಿಸಿದೆ, ಎಬ್ಬಿಸಿದೆ. ಎಲ್ಲ ಚೆನ್ನಾಗಿ ಕೂತಿತ್ತು. ಅಷ್ಟರಲ್ಲಿ ಕೆಲಸದಿಂದ ಬಂದ ಲೋಕೇಶ ಹಸಿದಿದ್ದ. ನಿಂತಲ್ಲಿಂದಲೇ ಕೈಹಾಕಿ ರಿಂಕಿನ ಕಾಲು ಭಾಗ ಮುರಿದು ಬಾಯಿಗಿಟ್ಟ.

"ಭಾವ, ಸಾರು ಎಲ್ಲಿ?" ಎಂದು ಬೇರೆ ಕೇಳಿದ.

"ಮಾರಾಯ, ನೀನು ತಿಂದದ್ದು ಎದುರು ಪಾರ್ಟಿಯ ಗೋಲು!"

ಡಗ್ ನಕ್ಕ. ಮರುಕ್ಷಣ 'ಅಯ್ಯಯ್ಯೋ' ಎಂದು ನರಳುತ್ತಾ ಪರದೆಯಿಂದ ಮಾಯವಾದ. ಉಳಿದ ಯೋಜನೆಯನ್ನು ನಾವೇ ಮಾಡಬೇಕಾಯಿತು.

ಗೋಲಿಯ ಪಾಠ ನನ್ನದು. ಸಾಕ್ಸಿನ ಬದಲಿಗೆ ಟೆನ್ನಿಸ್ ಚೆಂಡುಗಳ ಮೇಲೆ ಒಂದರಿಂದ ಹತ್ತರವರೆಗೆ ಅಂಕೆ ಬರೆಯುವುದು, ಚೆಂಡು ಬರುವಷ್ಟರಲ್ಲಿ ತನ್ವಿ ಅಂಕೆ ಓದಿ ಕೂಗುವುದು. ಕಣ್ಣು ಮುಚ್ಚಿದರೆ ಓದಲು ಆಗುವುದಿಲ್ಲವಲ್ಲ. ತನ್ವಿಗೆ ಇದು ಇಷ್ಟವಾಯಿತು, ಆದರೆ ಮುಖ ಸಣ್ಣದಾಯಿತು.

"ಇಂಗ್ಲಿಷಲ್ಲಿ ಕೂಗಿದ್ರೆ ಯಾಕೆ ಓದಿಸ್ತಾರೆಂದು ಎಲ್ಲರಿಗೂ ಗೊತ್ತಾಗ್ತದೆ."

"ತುಳುವಿನಲ್ಲಿ ಕೂಗು," ಎಂದಳು ಶಶಿ ಒಲೆಯ ಹತ್ತಿರದಿಂದ. ಮಗಳಿಗೆ ತುಳು ಕಲಿಸಲು ಹೋಗಿ ಸೋತವಳು ಅವಳು.

ಆ ಸಂಜೆಯೆಲ್ಲ ನಮ್ಮ ಮನೆಯಲ್ಲಿ ಒಂಜಿ, ರಡ್ಡ್, ಮೂಜಿ, ನಾಲ್ ನಡೆಯಿತು. ಒರ್ಂಬ ಎಂದರೆ ಒಂಬತ್ತು. ಆ ಶಬ್ದ ಅವಳ ಬಾಯಿಯಲ್ಲಿ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪತ್ತ್, ಅಂದರೆ ಹತ್ತು, ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದು ಊಟಕ್ಕೆ ಎದ್ದೆವು.

ರಿಂಕ್

ಶುಕ್ರವಾರ ಬೆಳಕು ಹರಿಯುವ ಮೊದಲೇ ರಿಂಕಿನಲ್ಲಿದ್ದೆವು. ಒಂದು ದೊಡ್ಡ ಯಂತ್ರ ಐಸನ್ನು ಕೆರೆದು, ಮೇಲೆ ನೀರು ಸವರಿಕೊಂಡು ಹೋಗುತ್ತಿತ್ತು. ಅದರ ಹಿಂದಿನಿಂದ ಹಬೆ ಏಳುತ್ತಿದ್ದುದನ್ನು ನೋಡಿ ಬಿಸಿನೀರು ಎಂದು ಗೊತ್ತಾಯಿತು. ಅಲ್ಲಿದ್ದವರಲ್ಲಿ ಆ ಯಂತ್ರವನ್ನು ಅಷ್ಟು ಆಸೆಯಿಂದ ನೋಡಿದವನು ನಾನೊಬ್ಬನೇ ಇರಬೇಕು. ಒಡೆಯಬಾರದು ಎಂದು ಐಸಿಗೆ ಇಷ್ಟು ಉಪಚಾರ! ನಮ್ಮಲ್ಲಿ ಹೊರಗೆ ಬಂದ ಕೂಡಲೇ ಕ್ರಷರಿಗೆ.

ಯಾರದ್ದೋ ಸ್ಕೇಟು, ಇನ್ಯಾರದ್ದೋ ಹೆಲ್ಮೆಟ್ ಹಾಕಿಕೊಂಡು, ಕುತ್ತಿಗೆಗೆ ನೇತುಹಾಕಿದ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಬಾಗಿಲಿನಿಂದ ಐಸಿಗೆ ಕಾಲಿಟ್ಟೆ. ಆ ಕಾಲು ಎಲ್ಲಿಗೋ ಹೋಯಿತು. ಎರಡನೆಯದು ಅದನ್ನು ಹುಡುಕಿಕೊಂಡು ಹೋಯಿತು. ನಾನು ಅಲ್ಲಿಯೇ ಉಳಿದೆ, ಅಂಗಾತ. ಸೀಟಿ ಬಾಯಲ್ಲೇ ಇದ್ದದ್ದರಿಂದ ಬಿದ್ದ ರಭಸಕ್ಕೆ 'ಪೀಂ' ಎಂದು ಊದಿತು. ಮಕ್ಕಳೆಲ್ಲ ಶಿಸ್ತಿನಿಂದ ಬಂದು ನನ್ನ ಸುತ್ತ ನಿಂತರು.

ಮುಂದಿನ ಹಲ್ಲು ಬಿದ್ದಿದ್ದ ಮ್ಯಾಡಿ ಎಂಬ ಹುಡುಗಿ ಬಗ್ಗಿ ಕೇಳಿದಳು. "ನೀವು ನಿಜವಾಗಿ ಕೋಚಾ?"

ಮಲಗಿದಲ್ಲಿಂದ ಸುಳ್ಳು ಹೇಳುವುದು ಕಷ್ಟ. "ಅಲ್ಲ ಮಗಾ. ನಾನು ಮೀನಿಗೆ ಐಸ್ ಮಾಡುವವನು."

ಬೆಂಚುಗಳಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದ ಅಪ್ಪ ಅಮ್ಮಂದಿರು ಒಮ್ಮೆಲೇ ನನ್ನತ್ತ ತಿರುಗಿದರು. ತನ್ವಿ ಜಾಲರಿಯ ಹಿಂದೆ ಕಲ್ಲಿನಂತೆ ನಿಂತಿದ್ದಳು. ಬ್ರೆಂಡಾ ಎದ್ದು ಗೋಡೆಯ ಹತ್ತಿರ ಬಂದಳು. ಮುಗಿಯಿತು ಎಂದುಕೊಂಡೆ.

"ಸಾರಿ," ಎಂದಳು ಅವಳು. "ನೀವು ಹೇಳಿದ್ದು ವಿನಯ ಅಂತ ತಿಳಿದೆ." ಆಮೇಲೆ ಗಡಿಯಾರ ನೋಡಿದಳು. "ಆದರೆ ಐಸ್ ಸಿಕ್ಕಿರುವುದು ನಮಗೆ ಒಂದೇ ಗಂಟೆ. ಏನಾದರೂ ಮಾಡಿ."

ಈ ದೇಶದಲ್ಲಿ ರಿಂಕಿನ ಸಮಯ ಹಾಳು ಮಾಡುವುದು ಅನ್ನ ಚೆಲ್ಲಿದ ಹಾಗೆ. ಮೋಸಗಾರನಾದರೂ ಆದೀತು, ಸಮಯ ದಂಡವಾಗಬಾರದು.

ನಿಲ್ಲಲು ಬಾರದವನಿಗೆ ಕೊಡಲು ಅವರಲ್ಲಿ ಒಂದು ಉಪಕರಣವಿತ್ತು. ಪುಟ್ಟ ಮಕ್ಕಳು ಹಿಡಿದುಕೊಂಡು ಸ್ಕೇಟಿಂಗ್ ಕಲಿಯುವ, ಸೀಲ್ ಎಂಬ ಕಡಲ ಪ್ರಾಣಿಯ ಆಕಾರದ ನೀಲಿ ಪ್ಲಾಸ್ಟಿಕ್ ಗೊಂಬೆ. ಅದರ ಬೆನ್ನ ಮೇಲೆ ನನ್ನನ್ನು ಕೂರಿಸಿದರು. ಅಲ್ಲಿ ಕೂತಾಗ ನನಗೆ ಡಗ್ ಹೇಳಿದ್ದು ನೆನಪಾಯಿತು. ಮೊಣಕಾಲು ಬಗ್ಗಬೇಕು, ಒತ್ತಿ ದೂಡಬೇಕು. ದೂಡಲು ಭಾರ ಬೇಕಲ್ಲ?

"ಇಬ್ಬಿಬ್ಬರು ಬನ್ನಿ," ಎಂದೆ. "ನನ್ನನ್ನು ಆ ನೀಲಿ ಗೆರೆಯಿಂದ ಈ ನೀಲಿ ಗೆರೆಯವರೆಗೆ ದೂಡಿ. ಗೆರೆ ಬಂದ ಕೂಡಲೇ ಬ್ರೇಕ್!"

ನೆಟ್ಟಗೆ ನಿಂತು ದೂಡಿದವರು ಇದ್ದಲ್ಲೇ ಕಾಲು ಜಾರಿಸಿದರು. ನನ್ನ ತೂಕ ಹಾಗಿದೆ. ಬಗ್ಗಿ ದೂಡಿದವರಿಗೆ ಮಾತ್ರ ನಾನು ಅಲುಗಾಡಿದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮೊಣಕಾಲೂ ಬಗ್ಗಿದವು, ಬ್ಲೇಡುಗಳು ಕರಕರ ಎಂದವು, ನಾನು ಸಮುದ್ರ ಕಂಡರೆ ಬರುವ ವಾಂತಿಯನ್ನು ತಡೆದುಕೊಂಡು ಸೀಲಿನ ಕಿವಿ ಹಿಡಿದು ಆ ಕಡೆಯಿಂದ ಈ ಕಡೆ ಹಾರಿದೆ. ಸೀಲಿಗೆ ಕಿವಿ ಇಲ್ಲ, ಅದು ಹಿಡಿಕೆ ಎಂದು ಆಮೇಲೆ ಗೊತ್ತಾಯಿತು. ಬ್ರೇಕ್ ಹಾಕಲು ಮಕ್ಕಳಿಗೆ ಬಂತು. ಸೀಲಿಗೆ ಬರಲಿಲ್ಲ. ಎರಡು ಸಲ ಗೋಡೆಗೆ ಹೋಗಿ ಬಡಿದೆ. ಸಾಲಿನಲ್ಲಿ ನಿಂತವರು ಜಗಳವಾಡುತ್ತಾರೆ ಎಂದಿದ್ದ ಡಗ್‌ನ ಮಾತೂ ನಿಜವಾಯಿತು. ಮುಂದಿನ ಸರದಿ ತನ್ನದೆಂದು ಮ್ಯಾಡಿ ಇನ್ನೊಬ್ಬನ ಹೆಲ್ಮೆಟಿಗೆ ಕುಟ್ಟಿದಳು.

ಆಮೇಲೆ ಗೋಲಿಯ ಪಾಠ. ನನ್ನನ್ನು ಸೀಲಿನ ಸಮೇತ ಗೋಲಿನ ಎದುರು ತಂದು ನಿಲ್ಲಿಸಿದರು. ಚೆಂಡು ಎಸೆದೆ.

"ನಾಲ್!" ಎಂದು ತನ್ವಿ ಕೂಗಿದಳು. ಎಡಕ್ಕೆ ಸರಿದು, ಮೊಣಕಾಲೂರಿ ಬಿದ್ದು ತಡೆದಳು.

"ಎದ್ದು ನಿಲ್ಲು! ಮುಂದಿನದ್ದು!" ಎಂದೆ.

"ರಡ್ಡ್! ಎಣ್ಮ! ಒರ್... ಒರ್ಂಬ!"

ಒರ್ಂಬ ಹೇಳುವಷ್ಟರಲ್ಲಿ ಅದು ಭುಜ ದಾಟಿ ಒಳಗೆ ಹೋಗಿತ್ತು. ಆದರೆ ಕಣ್ಣು ತೆರೆದೇ ಇತ್ತು. ಜಾಲರಿಯ ಹಿಂದೆ ಎರಡು ದೊಡ್ಡ ಬಿಳಿ ಕಣ್ಣುಗಳು ನನಗೆ ಸ್ಪಷ್ಟವಾಗಿ ಕಂಡವು.

ಮ್ಯಾಡಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅವಳೆಂತ ಹೇಳ್ತಿದ್ದಾಳೆ? ನಮಗೂ ಬೇಕು."

ತನ್ವಿ ನನ್ನನ್ನು ನೋಡಿದಳು. ಗುಟ್ಟು ಅವಳದ್ದು, ನಾನು ಬಾಯಿ ಬಿಡಲಿಲ್ಲ. ಒಂದು ಗಳಿಗೆ ಯೋಚಿಸಿ ಅವಳೇ ಹೇಳಿದಳು. "ನಾನು ಕಣ್ಣು ಮುಚ್ಚದಿರ್ಲಿಕ್ಕೆ. ಇದು ನನ್ನ ಮಾಮನ ಭಾಷೆ."

ಯಾರೂ ನಗಲಿಲ್ಲ. "ನಾನೂ ಮುಚ್ತೇನೆ," ಎಂದಳು ಮ್ಯಾಡಿ. "ಅದಕ್ಕೇ ನಾನು ಗೋಲಿ ಆಗ್ಲಿಲ್ಲ."

ಪಕ್‌ಗಳನ್ನು ತಂದು ಸುರಿದರು. ಅವುಗಳ ಮೇಲೆ ಅಂಕೆ ಇಲ್ಲ, ಹಾಗಾಗಿ ಹೊಡೆಯುವವರೇ ಬೆರಳು ತೋರಿಸಿ ಹೊಡೆಯುವುದೆಂದಾಯಿತು. ಎಷ್ಟು ಬೆರಳೆಂದು ತನ್ವಿ ಕೂಗಿದರೆ ಉಳಿದವರೂ ಜೊತೆಗೆ ಕೂಗುವುದು. ಕೊನೆಯ ಸಣ್ಣ ಆಟಕ್ಕೆ ಹೊತ್ತೇ ಉಳಿಯಲಿಲ್ಲ. ಐಸ್ ಒರೆಸುವ ಯಂತ್ರದವನು ಬಾಗಿಲಲ್ಲಿ ಬಂದು ನಿಂತರೂ ಮಕ್ಕಳು 'ಮೂಜಿ! ಮೂಜಿ!' ಎಂದು ಅರಚುತ್ತಲೇ ಇದ್ದರು. ಹೊರಗೆ ಬಂದಾಗ ನನ್ನ ಹಿಂಭಾಗ ಪೂರ್ತಿ ಮರಗಟ್ಟಿತ್ತು. ಮೀನಿನ ಪೆಟ್ಟಿಗೆಯೊಳಗಿನ ಬದುಕು ಹೇಗಿರುತ್ತದೆಂದು ಮೊದಲ ಸಲ ತಿಳಿಯಿತು.

ಮ್ಯಾಚ್

ಶನಿವಾರ ಡಗ್ ಪಕ್ಕೆಗೆ ಪಟ್ಟಿ ಬಿಗಿದುಕೊಂಡು ಬಂದ. ಕೋಚಿನ ಜಾಗ ಅವನಿಗೆ ಬಿಟ್ಟುಕೊಟ್ಟು ನಾನು ಶಶಿ, ಲೋಕೇಶರ ಜೊತೆ ಬೆಂಚಿನಲ್ಲಿ ಕೂತೆ. ಎದುರು ತಂಡದ ಮಕ್ಕಳು ನಮ್ಮವರಿಗಿಂತ ಒಂದು ತಲೆ ಎತ್ತರ.

ಮೊದಲ ಗೋಲು ನಮ್ಮವನದೇ ಕಾಲಿಗೆ ತಾಗಿ ಒಳಗೆ ಹೋಯಿತು. ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆಮೇಲೆ ಎದುರಿನ ದೊಡ್ಡ ಹುಡುಗನೊಬ್ಬ ಬೀಸಿ ಹೊಡೆದ. ನಾನು ಶಶಿಯ ಕೈ ಹಿಡಿದುಕೊಂಡೆ.

"ಒಂಜಿ!" ಎಂಬ ಕೂಗು ಗೋಲಿನಿಂದ ಬಂತು. ಪಕ್ ಪ್ಯಾಡಿಗೆ ಬಡಿದು ಹೊರಗೆ ಹೋಯಿತು.

ಇಲ್ಲಿ ಬೆರಳು ತೋರಿಸುವವರು ಯಾರೂ ಇರಲಿಲ್ಲ. ಅವಳು ತಡೆದದ್ದನ್ನು ತಾನೇ ಎಣಿಸುತ್ತಿದ್ದಳು. "ರಡ್ಡ್!" ಅದೂ ಹೊರಗೆ. ಮೂಜಿ ಆಗುವಷ್ಟರಲ್ಲಿ ನಮ್ಮ ತಂಡದ ಮಕ್ಕಳೆಲ್ಲ ಹಾಕಿ ಕೋಲಿನಿಂದ ರಿಂಕಿನ ಗೋಡೆಗೆ ಬಡಿಯುತ್ತಾ ಜೊತೆಗೂಡಿದರು. ಐದನೆಯದಕ್ಕೆ, ಐನ್‌ಗೆ, ಅಪ್ಪ ಅಮ್ಮಂದಿರೂ ಸೇರಿದರು. ಬ್ರೆಂಡಾ 'ಆಜಿ' ಎಂದು ಕೂಗಿದ್ದು ಮಂಗಳೂರು ಕಡೆ ಕಾಟಿಪಳ್ಳದ ನಮ್ಮ ಮನೆಯವರೆಗೂ ಕೇಳಿಸಿರಬೇಕು. ನಡುವೆ ಮ್ಯಾಡಿ ಎಲ್ಲಿಂದಲೋ ನುಗ್ಗಿ ನಮ್ಮದೂ ಒಂದು ಗೋಲು ಹೊಡೆದಳು. ರೆಫ್ರಿ ಆಟ ನಿಲ್ಲಿಸಿ ಡಗ್‌ನ ಹತ್ತಿರ ಬಂದು, ಮಕ್ಕಳು ಬೈಯುತ್ತಿಲ್ಲ ತಾನೇ ಎಂದು ಕೇಳಿದ. ಡಗ್ ನಗಬಾರದೆಂದು ಪಕ್ಕೆ ಹಿಡಿದುಕೊಂಡು ತಲೆಯಾಡಿಸಿದ.

ಪತ್ತ್ ಕೂಡ ಹೊರಗೆ ಹೋಯಿತು. ಇಡೀ ರಿಂಕ್ ಎದ್ದು ನಿಂತಿತ್ತು. ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅದೇ ದೊಡ್ಡ ಹುಡುಗ ಮತ್ತೆ ಬಂದ, ಮೆಲ್ಲಗೆ ಹೊಡೆದ. ಅಂಥ ಕಷ್ಟದ್ದೇನೂ ಅಲ್ಲ. ಇಡೀ ಕಟ್ಟಡ ಬಾಯಿ ತೆರೆದು ಕಾಯಿತು. ಗೋಲಿನಿಂದ ಯಾವ ಕೂಗೂ ಬರಲಿಲ್ಲ. ಪಕ್ ಸದ್ದಿಲ್ಲದೆ ಒಳಗೆ ಹೋಗಿ ಕೂತಿತು.

ಎರಡಕ್ಕೆ ಒಂದರಿಂದ ಸೋತೆವು.

ಕಾರು

ವಾಪಸು ಬರುವಾಗ ತನ್ವಿ ಪ್ಯಾಡು ಬಿಚ್ಚದೆ ಹಿಂದಿನ ಸೀಟಿನಲ್ಲಿ ಮುಕ್ಕಾಲು ಜಾಗ ಹಿಡಿದು ಕೂತಿದ್ದಳು. ನಾನು ಉಳಿದ ಕಾಲು ಭಾಗದಲ್ಲಿದ್ದೆ. ಬೇಸರವಾಗಿದೆಯೋ ಏನೋ ಎಂದು ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿದ್ದೆ.

"ಎರಡನೆಯ ಗೋಲು ನನ್ನ ತಪ್ಪಲ್ಲ," ಎಂದಳು ಅವಳೇ.

"ಅಲ್ಲವೇ ಅಲ್ಲ," ಎಂದೆ. "ಚಂದ ಆಡಿದ್ದಿ."

"ಅದು ನಿಮ್ಮ ತಪ್ಪು, ಮಾಮ. ಕಣ್ಣು ತೆರೆದೇ ಇತ್ತು, ಪಕ್ ಸರಿಯಾಗಿ ಕಾಣ್ತಿತ್ತು. ಆದ್ರೆ ನೀವು ಹತ್ತರವರೆಗೆ ಮಾತ್ರ ಕಲಿಸಿದ್ದು. ಮತ್ತೆ ಎಂತ ಕೂಗುವುದೆಂದು ಯೋಚನೆ ಮಾಡ್ತಾ ಇದ್ದೆ, ಅಷ್ಟರಲ್ಲಿ ಅದು ಒಳಗೆ ಹೋಯ್ತು."

ಲೋಕೇಶ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ. ಅದೃಷ್ಟಕ್ಕೆ ಕೆಂಪು ದೀಪವಿತ್ತು. ಶಶಿ ಮಾತ್ರ ನಗಲಿಲ್ಲ. ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ, ಮಗಳ ಮುಖವನ್ನೇ ನೋಡುತ್ತಾ ಹೇಳಿದಳು.

"ಪತ್ತೊಂಜಿ."

"ಪತ್ತೊಂಜಿ," ಎಂದಳು ತನ್ವಿ. "ಮತ್ತೆ?"